ರಂಗಭೋಗದಿಂದ ಸಹಾಯಧನದವರೆಗೆ: ಕೋವಿಡ್ ಕಾಲದ ಪರಿಹಾರ ಮತ್ತು ಗದಗ ಪ್ರದೇಶದ ಕಲಾವೃತ್ತಿಗಳು

2021ರ ಮೇ 19ರಂದು ಕರ್ನಾಟಕ ಸರ್ಕಾರವು 1,250 ಕೋಟಿ ರೂಪಾಯಿಗಳ ಪರಿಹಾರವನ್ನು ಪ್ರಕಟಿಸಿತು. ಹೂ, ಹಣ್ಣು, ತರಕಾರಿ ಬೆಳೆಗಾರರು, ಆಟೋ ಮತ್ತು ಟ್ಯಾಕ್ಸಿ ಚಾಲಕರು, ಕಟ್ಟಡ ಕಾರ್ಮಿಕರು, ಕ್ಷೌರಿಕರು, ಅಗಸರು, ಬೀದಿ ಬದಿಯ ವ್ಯಾಪಾರಿಗಳು ಹೀಗೆ ಸಾಗುವ ಆ ಪಟ್ಟಿಯಲ್ಲಿ 'ಕಲಾವಿದರು ಮತ್ತು ಕಲಾತಂಡಗಳು' ಎಂಬ ಒಂದು ಸಾಲೂ ಇತ್ತು. ತಲಾ 3,000 ರೂಪಾಯಿ, ಫಲಾನುಭವಿಗಳು 16,095 ಮಂದಿ, ಒಟ್ಟು ವೆಚ್ಚ 4.82 ಕೋಟಿ ರೂಪಾಯಿ ಎಂದು ಅಲ್ಲಿ ನಮೂದಾಗಿತ್ತು. ಈ ಸಾಲಿನಲ್ಲಿ ಸಾಮಾನ್ಯವಾಗಿ ಚರ್ಚೆಗೆ ಬಂದದ್ದು ಮೂರು ಸಾವಿರವೆಂಬ ಮೊತ್ತ. ಆದರೆ ಹೆಚ್ಚು ಗಮನಾರ್ಹವಾದುದು 16,095 ಎಂಬ ಸಂಖ್ಯೆ. ನೆರೆ ಬಂದಾಗ ಬಿದ್ದ ಮನೆಗಳನ್ನು ನೀರು ಇಳಿದ ಮೇಲೆ ಎಣಿಸುತ್ತಾರೆ. ಇಲ್ಲಿ ನೆರವು ಪಡೆಯಬೇಕಾದವರ ಎಣಿಕೆ ಪ್ರಕಟಣೆಯ ದಿನವೇ ಸಿದ್ಧವಾಗಿತ್ತು. ಅಂದರೆ ಸಂಕಷ್ಟವನ್ನು ಅಳೆದು ಪಟ್ಟಿ ಮಾಡಿದ್ದಲ್ಲ, ಮೊದಲೇ ಇದ್ದ ಒಂದು ಅಂದಾಜಿಗೆ ಸಂಕಷ್ಟವನ್ನು ಹೊಂದಿಸಿದ್ದು. ಆ ಅಂದಾಜಿನೊಳಗೆ ಯಾರು ಬಂದರು, ಯಾರು ಬರಲಿಲ್ಲ, ಬಾರದವರು ಯಾವ ಕಾರಣಕ್ಕೆ ಹೊರಗುಳಿದರು ಎಂಬುದನ್ನು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ನಾಲ್ಕು ಊರುಗಳ ಕಲಾಜೀವನವನ್ನು ಮುಂದಿಟ್ಟುಕೊಂಡು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ನಾಲ್ಕು ಊರುಗಳನ್ನು ಒಟ್ಟಿಗೆ ತೆಗೆದುಕೊಳ್ಳಲು ಕಾರಣವಿದೆ. ಇಂದು ಇವೆಲ್ಲವೂ 1997ರಲ್ಲಿ ರಚನೆಯಾದ ಗದಗ ಜಿಲ್ಲೆಗೆ ಸೇರಿದ್ದರೂ, ಸ್ವಾತಂತ್ರ್ಯಪೂರ್ವದಲ್ಲಿ ಗದಗವು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿಯೂ, ಶಿರಹಟ್ಟಿಯು ಸಾಂಗಲಿ ಸಂಸ್ಥಾನದಲ್ಲಿಯೂ, ಲಕ್ಷ್ಮೇಶ್ವರವು ಮಿರಜ ಸಂಸ್ಥಾನದಲ್ಲಿಯೂ ಇದ್ದವು. ಆಡಳಿತ ಹರಿದು ಹಂಚಿಹೋಗಿದ್ದ ಈ ಪ್ರದೇಶವನ್ನು ಒಂದಾಗಿ ಹಿಡಿದಿದ್ದವು ಜಾತ್ರೆಗಳು, ಮಠಗಳು ಮತ್ತು ನಾಟಕ. ಮರಾಠಿ ನಾಟಕಗಳ ಪ್ರಾಬಲ್ಯಕ್ಕೆ ಪ್ರತಿಯಾಗಿ ಸಕ್ಕರಿ ಬಾಳಾಚಾರ್ಯರು, ಅಂದರೆ ಶಾಂತಕವಿಗಳು (1856–1920), 1870ರ ದಶಕದಲ್ಲಿ ಕನ್ನಡ ನಾಟಕ ಮಂಡಳಿಯನ್ನು ಕಟ್ಟಿದ್ದು ಗದುಗಿನಲ್ಲಿ. ಆ ಊರಿನ ಹಳೆಯ ಹೆಸರಾದ 'ಕೃತಪುರ'ವನ್ನೇ ಆ ಮಂಡಳಿ ಧರಿಸಿತ್ತು. ಮುಂದೆ ಶಿರಹಟ್ಟಿ ವೆಂಕೋಬರಾಯರ ಮಂಡಳಿ, ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಗಳು ಬಂದವು. ಪಂಚಾಕ್ಷರಿ ಗವಾಯಿಗಳು (1892–1944) ಮತ್ತು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ನಡೆಸಿದ ವೀರೇಶ್ವರ ಪುಣ್ಯಾಶ್ರಮವು ಅಂಧ ಮತ್ತು ಅನಾಥ ಮಕ್ಕಳಿಗೆ ಅನ್ನದೊಂದಿಗೆ ಸಂಗೀತವನ್ನು ಕೊಟ್ಟಿತು. ಆಶ್ರಮಕ್ಕೆ ತನ್ನದೇ ಆದ ನಾಟ್ಯಸಂಘವೂ ಇತ್ತು. ಕಲೆಯಿಂದ ಬಂದ ಹಣ ಆಶ್ರಮದ ಒಲೆಯನ್ನು ಉರಿಸುವುದು, ಆಶ್ರಮದ ಅನ್ನ ಕಲೆಯನ್ನು ಸಾಕುವುದು ಈ ಪದ್ಧತಿ ಇಲ್ಲಿಯವರಿಗೆ ಹೊಸದಲ್ಲ.

ಇವು ಸಾಹಿತ್ಯ ಚರಿತ್ರೆಗಳಲ್ಲಿ ದಾಖಲಾದ ಹೆಸರುಗಳು. ಪರಿಹಾರದ ಪ್ರಶ್ನೆಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ದಾಖಲಾಗದ ವ್ಯವಸ್ಥೆಯನ್ನು ನೋಡಬೇಕು. ಉತ್ತರ ಕರ್ನಾಟಕದ ಹಳ್ಳಿ ನಾಟಕ ಹವ್ಯಾಸಿಗಳದು ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಪುರುಷ ಪಾತ್ರಗಳ ಮಟ್ಟಿಗೆ ಮಾತ್ರ ಈ ಮಾತು ನಿಜ. ಜಾತ್ರೆಗೆ ಒಂದೆರಡು ತಿಂಗಳು ಮೊದಲು ಊರಿನ ಹುಡುಗರು ತಾಲೀಮು ಹಿಡಿಯುತ್ತಾರೆ. ಅವರಿಗೆ ಕಲಿಸಲು ಪೇಟಿ ಮಾಸ್ತರರು ಬರುತ್ತಾರೆ, ಜೊತೆಗೆ ತಬಲಾದವರು. ಸ್ತ್ರೀಪಾತ್ರಗಳಿಗೆ ಪಟ್ಟಣದ ವೃತ್ತಿ ಕಲಾವಿದೆಯರಿಗೆ ಸಂಚಕಾರ ಕೊಟ್ಟು ದಿನ ಗೊತ್ತು ಮಾಡುತ್ತಾರೆ. ಪರದೆ, ಸೀನರಿ, ದೀಪ, ಧ್ವನಿವರ್ಧಕ, ಮೇಕಪ್ಪು, ಉಡುಪು ಎಲ್ಲವೂ ಬಾಡಿಗೆಗೆ ಬರುತ್ತವೆ. ನಾಟಕದ ಪುಸ್ತಕ ಮತ್ತು ಕರಪತ್ರ ಮುದ್ರಣಾಲಯದಿಂದ ಬರಬೇಕು. ಗದುಗಿನ ಮುದ್ರಣೋದ್ಯಮದ ಹೆಸರು ಇಡೀ ಉತ್ತರ ಕರ್ನಾಟಕಕ್ಕೆ ಗೊತ್ತಿದೆ. ಪ್ರದರ್ಶನದ ರಾತ್ರಿ ಮೆಚ್ಚಿದವರು ಮಾಡುವ ಆಹೇರಿಯೂ ಗಳಿಕೆಯ ಒಂದು ಭಾಗವೇ. ಹೀಗೆ ಒಂದು ರಾತ್ರಿಯ 'ಹವ್ಯಾಸಿ' ನಾಟಕದ ಹಿಂದೆ ಅದನ್ನೇ ನಂಬಿದ ಎಂಟು ಹತ್ತು ಕುಟುಂಬಗಳಿರುತ್ತವೆ. ಇವರಲ್ಲಿ ಯಾರೊಬ್ಬರೂ ಯಾವ ಕಂಪನಿಯ ನೌಕರರೂ ಅಲ್ಲ. ಯಾವ 'ಕಲಾತಂಡ'ದ ನೋಂದಾಯಿತ ಸದಸ್ಯರೂ ಅಲ್ಲದಿರಬಹುದು.

ಈ ವೃತ್ತಿಗಳಿಗೆ ತಮ್ಮದೇ ಆದ ಪಂಚಾಂಗವಿದೆ. ಸುಗ್ಗಿ ಮುಗಿದು ಹೊಲ ಬಿಡುವಾದ ಮೇಲೆ, ಮಳೆ ಹಿಡಿಯುವ ಮೊದಲು, ಅಂದರೆ ಮಾಘದಿಂದ ವೈಶಾಖದವರೆಗೆ ಜಾತ್ರೆಗಳ ಕಾಲ. ಗದುಗಿನ ತೋಂಟದಾರ್ಯ ಮಠದ ಜಾತ್ರೆ ಚೈತ್ರದಲ್ಲಿ ಬರುತ್ತದೆ. ಹಿಂದೂ ಮುಸಲ್ಮಾನ ಭಾವೈಕ್ಯಕ್ಕೆ ಹೆಸರಾದ ಶಿರಹಟ್ಟಿಯ ಫಕೀರೇಶ್ವರ ಮಠದ ಜಾತ್ರೆ ವೈಶಾಖದ್ದು. ಮುಂಡರಗಿಯ ಅನ್ನದಾನೀಶ್ವರ ಮಠ, ಅದೇ ತಾಲ್ಲೂಕಿನ ಡಂಬಳದ ರೊಟ್ಟಿ ಜಾತ್ರೆ, ತುಂಗಭದ್ರೆಯ ದಂಡೆಯ ಸಿಂಗಟಾಲೂರು ವೀರಭದ್ರೇಶ್ವರ ಇವೆಲ್ಲ ತಮ್ಮ ತಮ್ಮ ತಿಥಿಗಳಲ್ಲಿ ಜನರನ್ನು ಕೂಡಿಸುತ್ತವೆ. ಎರಡನೆಯ ಹಂಗಾಮು ಶ್ರಾವಣದ್ದು. ಆಗ ಊರೂರಿನ ಗುಡಿ ಮಠಗಳಲ್ಲಿ ತಿಂಗಳುಗಟ್ಟಲೆ ಪುರಾಣ ಪ್ರವಚನ ನಡೆಯುತ್ತದೆ. ಶಾಸ್ತ್ರಿಗಳ ಜೊತೆಗೆ ಒಬ್ಬ ಗವಾಯಿ, ಒಬ್ಬ ತಬಲಾ ವಾದಕ ಬೇಕೇ ಬೇಕು. ಪುಣ್ಯಾಶ್ರಮದಲ್ಲಿ ಕಲಿತು ಹೊರಬಂದ ಅನೇಕರಿಗೆ, ವಿಶೇಷವಾಗಿ ಅಂಧ ಗಾಯಕರಿಗೆ, ಶ್ರಾವಣವು ವರ್ಷದ ದೊಡ್ಡ ಆಸರೆ.

ಈಗ ಸಾಂಕ್ರಾಮಿಕದ ದಿನಾಂಕಗಳನ್ನು ಈ ಪಂಚಾಂಗದ ಮೇಲೆ ಇರಿಸಿ ನೋಡಬಹುದು. ಕಲಬುರಗಿಯಲ್ಲಿ ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದ ಬೆನ್ನಿಗೆ, 2020ರ ಮಾರ್ಚ್ 13ರಂದು, ರಾಜ್ಯ ಸರ್ಕಾರ ಚಿತ್ರಮಂದಿರ, ಜಾತ್ರೆ, ಸಮಾರಂಭಗಳನ್ನು ನಿಲ್ಲಿಸುವ ನಿರ್ಧಾರವನ್ನು ಪ್ರಕಟಿಸಿತು. ದೇಶವ್ಯಾಪಿ ಲಾಕ್‌ಡೌನ್ ಬಂದದ್ದು ಮಾರ್ಚ್ 25ಕ್ಕೆ. ಎಂದರೆ ಕಲಾವೃತ್ತಿಯವರ ಪಾಲಿಗೆ ಅದು ಉಳಿದವರಿಗಿಂತ ಹತ್ತು ಹನ್ನೊಂದು ದಿನ ಮೊದಲೇ ಆರಂಭವಾಯಿತು. ಮುಗಿದದ್ದು ಉಳಿದವರಿಗಿಂತ ಬಹಳ ತಡವಾಗಿ. ಅಂಗಡಿಗಳು, ಬಸ್ಸುಗಳು, ಕಾರ್ಖಾನೆಗಳು 2020ರ ಬೇಸಿಗೆಯ ಕೊನೆಗೆ ಒಂದೊಂದಾಗಿ ತೆರೆದವು. ಚಿತ್ರಮಂದಿರಗಳು ಅರ್ಧ ಆಸನಗಳೊಂದಿಗೆ ತೆರೆದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಎರಡನೆಯ ಅಲೆಯ ಬಳಿಕ ಕರ್ನಾಟಕದಲ್ಲಿ ಪೂರ್ಣ ಆಸನಗಳಿಗೆ ಅನುಮತಿ ದೊರೆತದ್ದು 2021ರ ಅಕ್ಟೋಬರ್ 1ರಿಂದ. 2021ರ ಏಪ್ರಿಲ್ 27ರಿಂದ ಮತ್ತೆ ರಾಜ್ಯ ಮುಚ್ಚಿತ್ತು. ಚೈತ್ರ ವೈಶಾಖಗಳು ಎರಡು ವರ್ಷ ಸತತವಾಗಿ ಕಳೆದುಹೋದವು, ಶ್ರಾವಣಗಳು ಗುಂಪು ಸೇರುವ ನಿರ್ಬಂಧದಲ್ಲಿ ಸೊರಗಿದವು. ಕೂಲಿಕಾರನಿಗೆ ಎರಡು ತಿಂಗಳು ನಷ್ಟವಾದರೆ ಅದು ಎರಡು ತಿಂಗಳ ನಷ್ಟ. ಹಂಗಾಮಿನ ಕಲಾವಿದನಿಗೆ ಅದೇ ಎರಡು ತಿಂಗಳು ಹೋದರೆ ವರ್ಷವೇ ಹೋದಂತೆ. ಪರಿಹಾರದ ಯಾವ ಲೆಕ್ಕಾಚಾರದಲ್ಲಿಯೂ ಈ ವ್ಯತ್ಯಾಸ ಕಾಣಿಸಲಿಲ್ಲ.

ಮೊತ್ತದ ವಿಷಯವನ್ನು ಇಲ್ಲಿಯೇ ಮುಗಿಸಬಹುದು. ಮೊದಲ ಅಲೆಯಲ್ಲಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಂಕಷ್ಟದಲ್ಲಿದ್ದ ಕಲಾವಿದರಿಗೆ ತಲಾ 2,000 ರೂಪಾಯಿ ನೀಡಿತು. ಎರಡನೆಯ ಅಲೆಯಲ್ಲಿ ಅದು 3,000 ಆಯಿತು. ಉದ್ಯೋಗ ಖಾತ್ರಿ ಯೋಜನೆಯಲ್ಲಿ 2021–22ರಲ್ಲಿ ಕರ್ನಾಟಕಕ್ಕೆ ನಿಗದಿಯಾಗಿದ್ದ ದಿನಗೂಲಿ 289 ರೂಪಾಯಿ. ಆ ದರದಲ್ಲಿ 3,000 ರೂಪಾಯಿಯೆಂದರೆ ಹತ್ತು ದಿನದ ಕೂಲಿಗಿಂತ ತುಸು ಹೆಚ್ಚು. ಖಜಾನೆಯ ಇಕ್ಕಟ್ಟು ನಿಜವಾದುದೇ, ಕಲಾವಿದರಿಗಿಂತ ಕಡಿಮೆ ಪಡೆದವರೂ ಅದೇ ಪ್ರಕಟಣೆಯಲ್ಲಿದ್ದರು. ಕ್ಷೌರಿಕರಿಗೆ, ಅಗಸರಿಗೆ, ಬೀದಿ ವ್ಯಾಪಾರಿಗಳಿಗೆ ಆಗ ದೊರೆತದ್ದು 2,000. ಆದುದರಿಂದ ಮೊತ್ತದ ಮೇಲೆ ಹೆಚ್ಚು ವಾದ ಮಾಡುವುದು ಲೇಖಕನಿಗೆ ಉಚಿತವೆನಿಸುವುದಿಲ್ಲ.

ಪಟ್ಟಿಯ ಮಾತು ಹಾಗಲ್ಲ. 16,095ನ್ನು ರಾಜ್ಯದ 31 ಜಿಲ್ಲೆಗಳಿಗೆ ಹಂಚಿದರೆ ಜಿಲ್ಲೆಗೆ ಸರಾಸರಿ 519 ಮಂದಿ ಬರುತ್ತಾರೆ. ಇದು ಕೇವಲ ಸರಾಸರಿ, ಗದಗ ಜಿಲ್ಲೆಯ ಪಾಲು ಇಷ್ಟೇ ಎಂದು ಇದರ ಅರ್ಥವಲ್ಲ. ಆದರೂ ಪ್ರಮಾಣದ ಒಂದು ಕಲ್ಪನೆಯನ್ನು ಇದು ಕೊಡುತ್ತದೆ. 2011ರ ಜನಗಣತಿಯಂತೆ ಹತ್ತು ಲಕ್ಷ ಮೀರಿದ ಜನಸಂಖ್ಯೆಯುಳ್ಳ ಜಿಲ್ಲೆಯಲ್ಲಿ ದೊಡ್ಡಾಟ, ಸಣ್ಣಾಟ, ಲಾವಣಿ, ಗೀಗೀ, ಭಜನೆ, ಕರಡಿ ಮಜಲು, ನಂದಿಕೋಲು, ಡೊಳ್ಳು, ಹಂತಿಪದ, ವೃತ್ತಿನಾಟಕ, ಶಾಸ್ತ್ರೀಯ ಸಂಗೀತ ಇಷ್ಟನ್ನೂ ಐದುನೂರು ಹೆಸರುಗಳಲ್ಲಿ ಹಿಡಿಸಲು ಸಾಧ್ಯವೇ ಎಂದು ಈ ಭಾಗದಲ್ಲಿ ಒಂದು ಜಾತ್ರೆಯನ್ನು ನೋಡಿದವರು ಯಾರೂ ಹೇಳಬಲ್ಲರು. ಅದೇ ಜೂನ್ ತಿಂಗಳ ಎರಡನೆಯ, 500 ಕೋಟಿ ರೂಪಾಯಿಗಳ ಪ್ರಕಟಣೆಯಲ್ಲಿ ಚಲನಚಿತ್ರ ಮತ್ತು ಕಿರುತೆರೆಯ ನೋಂದಾಯಿತ ಕಲಾವಿದರು ಹಾಗೂ ತಂತ್ರಜ್ಞರಿಗೆ ತಲಾ 3,000 ದೊರೆಯಿತು. ಅವರ ಸಂಖ್ಯೆ ಸುಮಾರು 22,000 ಎಂದು ಹೇಳಲಾಗಿತ್ತು. ಮುಖ್ಯವಾಗಿ ರಾಜಧಾನಿಯಲ್ಲಿ ನೆಲೆಸಿದ ಒಂದು ಉದ್ಯಮದ ನೋಂದಾಯಿತರು ಇಡೀ ರಾಜ್ಯದ ಉಳಿದೆಲ್ಲ ಕಲೆಗಳ ಅಂದಾಜನ್ನು ಮೀರಿದ್ದರು. ಕಾರಣ ಸ್ಪಷ್ಟ. ಅಲ್ಲಿ ಸಂಘಗಳಿವೆ, ಸದಸ್ಯತ್ವದ ಚೀಟಿಗಳಿವೆ, ಬಣ್ಣ ಹಚ್ಚುವವರನ್ನೂ ದೀಪ ಹಿಡಿಯುವವರನ್ನೂ ವೃತ್ತಿನಿರತರೆಂದು ಲೆಕ್ಕಕ್ಕೆ ತೆಗೆದುಕೊಳ್ಳುವ ರೂಢಿಯಿದೆ. ಚಿತ್ರೀಕರಣದಲ್ಲಿ ದೀಪ ಹಿಡಿದವನು ತಂತ್ರಜ್ಞ. ಮುಂಡರಗಿ ತಾಲ್ಲೂಕಿನ ಹಳ್ಳಿಯ ನಾಟಕಕ್ಕೆ ದೀಪ ಕಟ್ಟಿದವನು ಇಲಾಖೆಯ ಭಾಷೆಯಲ್ಲಿ ಏನೂ ಅಲ್ಲ.

ಇಲ್ಲಿ ಶಬ್ದದ ಪ್ರಶ್ನೆ ಮುಖ್ಯವಾಗುತ್ತದೆ. 'ಕಲಾವಿದ' ಎಂಬ ಶಬ್ದವು ಆಡಳಿತದ ಕನ್ನಡದಲ್ಲಿ ಪಡೆದಿರುವ ಅರ್ಥ ಜನಬಳಕೆಯ ಅರ್ಥಕ್ಕಿಂತ ಕಿರಿದು. ವಯಸ್ಸು, ಕಲಾಸೇವೆಯ ವರ್ಷಗಳು, ಪ್ರದರ್ಶನದ ಪ್ರಮಾಣಪತ್ರ, ಭಾವಚಿತ್ರ, ಪತ್ರಿಕಾ ತುಣುಕು ಇವು ಆ ಅರ್ಥವನ್ನು ರೂಪಿಸುವ ಸಾಮಗ್ರಿಗಳು. ಮಾಸಾಶನಕ್ಕೆ, ಪ್ರಾಯೋಜಿತ ಕಾರ್ಯಕ್ರಮಕ್ಕೆ, ಪ್ರಶಸ್ತಿಗೆ ಸಲ್ಲಿಸಿದ ಅರ್ಜಿಗಳ ಮೂಲಕವೇ ಇಲಾಖೆಗೆ ಕಲಾವಿದರ ಪರಿಚಯ. ಆದುದರಿಂದ ಉತ್ಸವಗಳ ಮೆರವಣಿಗೆಯಲ್ಲಿ ಕುಣಿದ ತಂಡಗಳು ಅಲ್ಲಿ ಸಹಜವಾಗಿಯೇ ಇರುತ್ತವೆ, ಊರಿನ ಗುಡಿಯ ಮುಂದೆ ಮಾತ್ರ ಆಡಿದವರು ಇರುವುದಿಲ್ಲ. ದೊಡ್ಡಾಟದ ಕಲಾವಿದರು ಬಹುಮಟ್ಟಿಗೆ ಒಕ್ಕಲುತನ ಮತ್ತು ಕೂಲಿಯವರು. ವರ್ಷಕ್ಕೆ ಕೆಲವು ರಾತ್ರಿ ರಾಜನಾಗಿ ಉಳಿದ ದಿನ ಹೊಲದಲ್ಲಿರುವವನನ್ನು ಯಾವ ಕಾಲಮಿನಲ್ಲಿ ಬರೆಯಬೇಕು? ಬಯಲಾಟಕ್ಕೆಂದೇ ಬಾಗಲಕೋಟೆಯಲ್ಲಿ ಪ್ರತ್ಯೇಕ ಅಕಾಡೆಮಿ ಸ್ಥಾಪನೆಯಾಗಿರುವುದು ಸ್ವಾಗತಾರ್ಹವೇ. ಆದರೆ ಅಕಾಡೆಮಿಯ ಕೆಲಸ ಕಲೆಯನ್ನು ಗುರುತಿಸುವುದು, ಬದುಕನ್ನು ಎಣಿಸುವುದಲ್ಲ. ಎರಡನೆಯ ಅಲೆಯಲ್ಲಿ ಅರ್ಜಿಗಳು ಸೇವಾಸಿಂಧು ಜಾಲತಾಣದ ಮೂಲಕ ಹೋಗಬೇಕಾದದ್ದು ಇನ್ನೊಂದು ತೊಡಕು. ಕಣ್ಣಿಲ್ಲದ ಗವಾಯಿಗೆ, ಸ್ಮಾರ್ಟ್‌ಫೋನ್ ಇಲ್ಲದ ಹಂತಿಪದದ ಹಿರಿಯನಿಗೆ ಇದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ.

ಹೋಲಿಕೆಗೆ ಬೆಟಗೇರಿಯ ನೇಕಾರರನ್ನು ನೋಡಬಹುದು. 2020ರ ಮೇ 6ರಂದು ಪ್ರಕಟವಾದ 1,610 ಕೋಟಿ ರೂಪಾಯಿಗಳ ಪರಿಹಾರದಲ್ಲಿ ಕೈಮಗ್ಗ ನೇಕಾರರಿಗೆ ವರ್ಷಕ್ಕೆ 2,000 ರೂಪಾಯಿಯ 'ನೇಕಾರ ಸಮ್ಮಾನ' ಯೋಜನೆ ಸೇರಿತ್ತು. 2021ರ ಜೂನಿನಲ್ಲಿ ವಿದ್ಯುತ್ ಮಗ್ಗಗಳ ಕಾರ್ಮಿಕರಿಗೂ ತಲಾ 3,000 ದೊರೆಯಿತು. ಮೊತ್ತಗಳು ಇಲ್ಲಿಯೂ ದೊಡ್ಡವಲ್ಲ. ಆದರೆ ನೇಕಾರನನ್ನು ಹುಡುಕುವುದು ಕಷ್ಟವಾಗಲಿಲ್ಲ. ಸಹಕಾರ ಸಂಘವಿದೆ, ಮಗ್ಗಗಳ ಗಣತಿಯಿದೆ, ಮಗ್ಗವೆಂಬ ವಸ್ತುವಿದೆ. ಒಂದೇ ಊರಿನ ಎರಡು ಓಣಿಗಳಲ್ಲಿ ಒಂದು ಕಸುಬು ಮಗ್ಗದ ಲೆಕ್ಕದಿಂದ ಸರ್ಕಾರಕ್ಕೆ ಕಾಣಿಸುತ್ತದೆ, ಇನ್ನೊಂದು ಪೇಟಿಯ ಲೆಕ್ಕದಿಂದ ಕಾಣಿಸುವುದಿಲ್ಲ.

ವಸ್ತುವಿನ ಈ ಮಹತ್ವ ಕಾನೂನಿನಲ್ಲಿಯೇ ಬೇರೂರಿದೆ. 2020ರ ನಿರ್ಬಂಧಗಳಿಗೆ ಮೊದಲ ಆಧಾರವಾದದ್ದು 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ. ಮುಂಬಯಿಯಲ್ಲಿ 1896ರಲ್ಲಿ ಕಾಣಿಸಿಕೊಂಡ ಪ್ಲೇಗನ್ನು ತಡೆಯಲು ಅವಸರದಲ್ಲಿ ರೂಪಿಸಿದ ಆ ಪುಟ್ಟ ಕಾಯಿದೆಯ ಮೂಲ ರೂಪದಲ್ಲಿ ಪರಿಹಾರವೆಂಬ ಮಾತು ಒಮ್ಮೆ ಮಾತ್ರ ಬರುತ್ತದೆ. ಖರ್ಚನ್ನು ಯಾರು ಭರಿಸಬೇಕೆಂದು ಸರ್ಕಾರ ನಿರ್ಧರಿಸಬಹುದೆಂದು ಹೇಳುವಾಗ, ಪರಿಹಾರವೇನಾದರೂ ಇದ್ದರೆ ಅದೂ ಸೇರಿ ಎಂದು ಆವರಣ ಚಿಹ್ನೆಯೊಳಗೆ ಸೂಚಿಸಿ ಮುಂದೆ ಸಾಗುತ್ತದೆ. ಆ ಪ್ಲೇಗು 1898ರಲ್ಲಿ ಧಾರವಾಡ ಸೀಮೆಯನ್ನು ಮುಟ್ಟಿ ಹುಬ್ಬಳ್ಳಿಯಂಥ ಊರುಗಳನ್ನು ಬರಿದು ಮಾಡಿತು. ಜನ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿದರು. ಜಾತ್ರೆ, ಯಾತ್ರೆಗಳ ಮೇಲೆ ನಿರ್ಬಂಧಗಳಿದ್ದವು. ಮೇಳವನ್ನು ನಿಲ್ಲಿಸುವ ಅಧಿಕಾರ ಸರ್ಕಾರದ್ದಾಯಿತು, ಮೇಳದಿಂದ ಬದುಕುವವರ ಹೊಣೆ ಯಾರದೆಂಬುದು ಆವರಣದೊಳಗೇ ಉಳಿಯಿತು.

2005ರ ವಿಪತ್ತು ನಿರ್ವಹಣಾ ಕಾಯಿದೆ ಇದಕ್ಕಿಂತ ಉದಾರವಾದುದು. ಪರಿಹಾರದ ಕನಿಷ್ಠ ಮಾನದಂಡಗಳಲ್ಲಿ ಜೀವನೋಪಾಯವನ್ನು ಮರುಸ್ಥಾಪಿಸುವ ನೆರವನ್ನೂ ಅದು ಹೆಸರಿಸುತ್ತದೆ. ಆದರೆ ಅದರ ಅಡಿಯಲ್ಲಿ ನಡೆಯುವ ವಿಪತ್ತು ಪರಿಹಾರ ನಿಧಿಯ 2015–20ರ ಮಾನದಂಡಗಳನ್ನು ನೋಡಿದರೆ, ಕೈಕಸುಬುದಾರರಿಗೆ 4,100 ರೂಪಾಯಿ ಸಲ್ಲುವುದು ಹಾನಿಗೊಂಡ ಉಪಕರಣಗಳನ್ನು ಬದಲಿಸಿಕೊಳ್ಳಲು. ನೆರೆಯಲ್ಲಿ ಮಗ್ಗ ಕೊಚ್ಚಿಹೋಗುತ್ತದೆ, ಬೆಂಕಿಯಲ್ಲಿ ಸುಡುತ್ತದೆ, ಅದನ್ನು ನೋಡಿ ಪಂಚನಾಮೆ ಬರೆಯಬಹುದು. ಸಾಂಕ್ರಾಮಿಕದಲ್ಲಿ ಪೇಟಿ ಒಡೆಯಲಿಲ್ಲ, ತಬಲಾ ಹರಿಯಲಿಲ್ಲ, ದೊಡ್ಡಾಟದ ಕಿರೀಟ ಭುಜಕೀರ್ತಿಗಳು ಪೆಟ್ಟಿಗೆಯಲ್ಲಿ ಹಾಗೆಯೇ ಇದ್ದವು. ನಷ್ಟವಾದದ್ದು ಕೇಳುವ ಜನ. ಪಂಚನಾಮೆ ಮಾಡಲು ಬಾರದ ನಷ್ಟಕ್ಕೆ ನಮ್ಮ ಪರಿಹಾರ ಪದ್ಧತಿಯಲ್ಲಿ ನಮೂನೆಯೇ ಇಲ್ಲ. ಆದುದರಿಂದ ಅದು ಹಕ್ಕಾಗಿ ಬರದೆ 'ಪ್ಯಾಕೇಜ್' ಎಂಬ ಹೆಸರಿನಲ್ಲಿ, ಒಮ್ಮೆಯ ಔದಾರ್ಯವಾಗಿ ಬಂದಿತು.

ಪ್ರವಾಸೋದ್ಯಮದ ಪರಿಹಾರಕ್ಕೆ ಬಂದರೆ ಈ ಪ್ರದೇಶಕ್ಕೂ ಸರ್ಕಾರದ ಕಲ್ಪನೆಗೂ ಇರುವ ದೂರ ಮತ್ತಷ್ಟು ಹೆಚ್ಚು. 2021ರ ಜೂನ್ ಕೊನೆಯಲ್ಲಿ ರಾಜ್ಯ ಸರ್ಕಾರ ಹೋಟೆಲು, ರೆಸಾರ್ಟು, ಮನರಂಜನಾ ಉದ್ಯಾನಗಳಿಗೆ 2021–22ರ ಆಸ್ತಿ ತೆರಿಗೆಯಲ್ಲಿ ಅರ್ಧ ವಿನಾಯಿತಿ, ಏಪ್ರಿಲಿನಿಂದ ಜೂನ್‌ವರೆಗೆ ವಿದ್ಯುತ್ತಿನ ನಿಗದಿತ ಶುಲ್ಕದ ಮನ್ನಾ, ಅಬಕಾರಿ ಸನ್ನದಿನ ಶುಲ್ಕದಲ್ಲಿ ರಿಯಾಯಿತಿ, ಇಲಾಖೆಯಲ್ಲಿ ನೋಂದಾಯಿಸಿಕೊಂಡ ಪ್ರವಾಸಿ ಮಾರ್ಗದರ್ಶಿಗಳಿಗೆ ತಲಾ 5,000 ರೂಪಾಯಿ ಪ್ರಕಟಿಸಿತು. ಜೂನ್ 28ರಂದು ಕೇಂದ್ರ ಹಣಕಾಸು ಸಚಿವರು ಮಾರ್ಗದರ್ಶಿಗಳಿಗೆ ಒಂದು ಲಕ್ಷದವರೆಗೆ, ಪ್ರವಾಸಿ ಸಂಸ್ಥೆಗಳಿಗೆ ಹತ್ತು ಲಕ್ಷದವರೆಗೆ ಖಾತರಿಯುಳ್ಳ ಸಾಲವನ್ನು ಘೋಷಿಸಿದರು. ಇವೆಲ್ಲ ಬೆಂಗಳೂರು, ಮೈಸೂರು, ಕೊಡಗು, ಹಂಪಿಗಳ ಪ್ರವಾಸವನ್ನು ಕಣ್ಣಮುಂದೆ ಇಟ್ಟುಕೊಂಡು ಮಾಡಿದವು.

ನಮ್ಮ ನಾಲ್ಕು ಊರುಗಳಲ್ಲಿ ನೋಡತಕ್ಕ ಸ್ಥಳಗಳಿಗೆ ಕೊರತೆಯಿಲ್ಲ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿಯನ್ನೂ ಕಾಶಿವಿಶ್ವೇಶ್ವರ ದೇವಾಲಯವನ್ನೂ ಉಳ್ಳ ಲಕ್ಕುಂಡಿ, ಗದುಗಿನ ತ್ರಿಕೂಟೇಶ್ವರ ಮತ್ತು ವೀರನಾರಾಯಣ, ಲಕ್ಷ್ಮೇಶ್ವರದ ಸೋಮೇಶ್ವರ, ಶಂಖಬಸದಿ ಮತ್ತು ಆದಿಲಶಾಹಿ ಕಾಲದ ಜಾಮಿಯಾ ಮಸೀದಿ, ಡಂಬಳದ ದೊಡ್ಡಬಸಪ್ಪ, ಕಪ್ಪತಗುಡ್ಡ, ಪಟ್ಟೆತಲೆಯ ಹೆಬ್ಬಾತುಗಳು ಚಳಿಗಾಲ ಕಳೆಯುವ, 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಮಾಗಡಿ ಕೆರೆ ಇವೆಲ್ಲ ಇಲ್ಲಿವೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ತನ್ನ ಸ್ಮಾರಕಗಳನ್ನು 2020ರ ಮಾರ್ಚ್ 17ರಿಂದ ಜುಲೈ ಆರಂಭದವರೆಗೆ, ಮತ್ತೆ 2021ರ ಏಪ್ರಿಲ್ 16ರಿಂದ ಜೂನ್ ನಡುವಿನವರೆಗೆ ಮುಚ್ಚಿತ್ತು. ಆದರೆ ಇಲ್ಲಿ ಹೊರಗಿನಿಂದ ಬರುವ ಜನರಿಂದ ಬದುಕುವವರು ರೆಸಾರ್ಟಿನ ಒಡೆಯರಲ್ಲ. ಮಿರ್ಚಿ ಗಿರಮಿಟ್ಟಿನ ಗಾಡಿ, ಬಳೆಯ ಮಲಾರ, ಬೆಂಡು ಬತ್ತಾಸಿನ ಅಂಗಡಿ, ಎತ್ತರದ ತೊಟ್ಟಿಲು, ಊದಿನಕಡ್ಡಿ ವಿಭೂತಿಯ ಬುಟ್ಟಿ, ಟಂಟಂ ಗಾಡಿ ಇವು ಇಲ್ಲಿಯ ಪ್ರವಾಸೋದ್ಯಮ. ನಮ್ಮ ಜನ ಜಾತ್ರೆಗೆ ಬರುವುದನ್ನು ಪ್ರವಾಸವೆಂದು ಕರೆಯುವುದಿಲ್ಲ, ಅಷ್ಟೇ.

ಈ ವ್ಯಾಪಾರಿಗಳಿಗೆ 2014ರ ಬೀದಿ ವ್ಯಾಪಾರಿಗಳ ಕಾಯಿದೆ ನೆರವಾಗಬಹುದಿತ್ತು. 2020ರ ಜೂನಿನಲ್ಲಿ ಆರಂಭವಾದ ಸ್ವನಿಧಿ ಯೋಜನೆಯ 10,000 ರೂಪಾಯಿ ಸಾಲ, 2021ರ ರಾಜ್ಯ ಸರ್ಕಾರದ 2,000 ರೂಪಾಯಿ ಸಹಾಯ ಎರಡೂ ನಗರ ಸ್ಥಳೀಯ ಸಂಸ್ಥೆಗಳು ಗುರುತಿಸಿದ ವ್ಯಾಪಾರಿಗಳಿಗೆ ತಲುಪಿದವು. ರಾಜ್ಯದಲ್ಲಿ ಅಂಥವರು 2.20 ಲಕ್ಷ ಎಂದು ಲೆಕ್ಕ ಹಾಕಲಾಗಿತ್ತು. ಒಂದು ಊರಿನ ಒಂದು ಬೀದಿಯಲ್ಲಿ ನಿಲ್ಲುವವನಿಗೆ ಅದು ಸರಿಹೋಗುತ್ತದೆ. ತೋಂಟದಾರ್ಯನ ಜಾತ್ರೆಯಿಂದ ಫಕೀರೇಶ್ವರನ ಜಾತ್ರೆಗೆ, ಅಲ್ಲಿಂದ ಹೊಳೆಸಾಲಿನ ಊರುಗಳಿಗೆ ಹೋಗುವವನು ಯಾವ ಊರಿನ ಪಟ್ಟಿಗೂ ಸೇರುವುದಿಲ್ಲ. ಹಂಗಾಮಿನ ಕಲಾವಿದ ಮತ್ತು ಜಾತ್ರೆಯ ವ್ಯಾಪಾರಿ ಒಂದೇ ಕಾರಣಕ್ಕೆ ಲೆಕ್ಕ ತಪ್ಪಿದವರು. ಇಬ್ಬರೂ ಸಂಚಾರಿಗಳು.

ಆದರೂ ಬೀದಿ ವ್ಯಾಪಾರಿಯ ಉದಾಹರಣೆ ಒಂದು ದಾರಿಯನ್ನು ತೋರಿಸುತ್ತದೆ. ಅವನನ್ನು ಗುರುತಿಸಿದ್ದು ಬೆಂಗಳೂರಿನ ಇಲಾಖೆಯಲ್ಲ, ಅವನ ಊರಿನ ಪುರಸಭೆ. ಗದಗ-ಬೆಟಗೇರಿಯಲ್ಲಿ ನಗರಸಭೆ, ಲಕ್ಷ್ಮೇಶ್ವರ ಮತ್ತು ಮುಂಡರಗಿಗಳಲ್ಲಿ ಪುರಸಭೆ, ಶಿರಹಟ್ಟಿಯಲ್ಲಿ ಪಟ್ಟಣ ಪಂಚಾಯಿತಿ ಇವೆ. ಸಂವಿಧಾನದ 74ನೆಯ ತಿದ್ದುಪಡಿಯಿಂದ ಬಂದ ಹನ್ನೆರಡನೆಯ ಅನುಸೂಚಿಯು ಇಂಥ ಸಂಸ್ಥೆಗಳಿಗೆ ವಹಿಸಬಹುದಾದ 18 ಕಾರ್ಯಗಳನ್ನು ಹೇಳುತ್ತದೆ. ಸಾರ್ವಜನಿಕ ಆರೋಗ್ಯ ಅದರಲ್ಲಿದೆ, ನಗರ ಬಡತನದ ನಿವಾರಣೆಯಿದೆ, 13ನೆಯದಾಗಿ ಸಾಂಸ್ಕೃತಿಕ, ಶೈಕ್ಷಣಿಕ ಮತ್ತು ಸೌಂದರ್ಯ ಸಂಬಂಧಿ ವಿಷಯಗಳ ಪ್ರೋತ್ಸಾಹವೂ ಇದೆ. ರೋಗ, ಬಡತನ, ಕಲೆ ಈ ಮೂರನ್ನೂ ಕಾಗದದ ಮೇಲೆ ಒಂದೇ ಕಟ್ಟಡದಲ್ಲಿ ಇರಿಸಿದ ವ್ಯವಸ್ಥೆ ಇದು. ಸಾಂಕ್ರಾಮಿಕದಲ್ಲಿ ಮೊದಲನೆಯದರ ಭಾರ ಪೂರ್ತಿಯಾಗಿ ಸ್ಥಳೀಯ ಸಂಸ್ಥೆಗಳ ಮೇಲೆ ಬಿತ್ತು, ಪೌರಕಾರ್ಮಿಕರು ಅದನ್ನು ಹೊತ್ತರು. ಮೂರನೆಯದು ರಾಜ್ಯದ ಇಲಾಖೆಯ ಕೈಯಲ್ಲಿಯೇ ಉಳಿಯಿತು.

ಲಕ್ಷ್ಮೇಶ್ವರದ ಬಗ್ಗೆ ಬರೆಯುವಾಗ ಇದಕ್ಕೆ ಇನ್ನೂ ಹಳೆಯ ಆಧಾರವೊಂದನ್ನು ನೆನೆಯದೆ ಇರಲಾಗದು. ಕವಿರಾಜಮಾರ್ಗವು ಕನ್ನಡದ ತಿರುಳನ್ನು ಗುರುತಿಸುವ ಊರುಗಳಲ್ಲಿ ಒಂದಾದ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಅಲ್ಲಿ ದೊರೆತ, ಯುವರಾಜ ವಿಕ್ರಮಾದಿತ್ಯನ ಕಾಲದ ಎಂಟನೆಯ ಶತಮಾನದ ಮೊದಲ ಭಾಗದ ಕನ್ನಡ ಶಾಸನವು ಪಟ್ಟಣದ ಮಹಾಜನರಿಗೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ ಆಚಾರವ್ಯವಸ್ಥೆ. ಅರಸನ ಅಧಿಕಾರಿಗಳು ಊರಿನವರಿಗೆ ಏನನ್ನು ಪಾಲಿಸಬೇಕು, ಊರಿನವರು ಏನನ್ನು ಸಲ್ಲಿಸಬೇಕು ಎಂಬ ಎರಡೂ ಮುಖಗಳು ಅದರಲ್ಲಿವೆ. ತೆರಿಗೆಯನ್ನು ಮನೆಗಳ ಅಂತಸ್ತಿಗೆ ತಕ್ಕಂತೆ ಅದು ಹೆಚ್ಚು ಕಡಿಮೆ ಮಾಡುತ್ತದೆ, ಕೆಲವು ಹುಟ್ಟುವಳಿಗಳನ್ನು ಊರಿನ ಶ್ರೇಣಿಗೆ ಬಿಡುತ್ತದೆ. ಆ ಕಾಲವನ್ನು ಆದರ್ಶವೆಂದು ಕೊಂಡಾಡುವ ಅಗತ್ಯವಿಲ್ಲ. ಪಟ್ಟಣವೊಂದು ತನ್ನ ಕಸುಬುದಾರರನ್ನು ವರ್ಗವರ್ಗವಾಗಿ ಬಲ್ಲದು, ಅವರೊಡನೆ ಬರೆದಿಟ್ಟ ಒಪ್ಪಂದಕ್ಕೆ ಬದ್ಧವಾಗಬಲ್ಲದು ಎಂಬಷ್ಟು ಮಾತ್ರ ಇಲ್ಲಿ ಪ್ರಸ್ತುತ.

ಇದಕ್ಕೆ ಪೂರಕವಾದ ಮತ್ತೊಂದು ಶಬ್ದ 'ರಂಗಭೋಗ'. ಕನ್ನಡ ನಾಡಿನ ದೇವಾಲಯ ಶಾಸನಗಳಲ್ಲಿ ಅಂಗಭೋಗ ರಂಗಭೋಗಗಳಿಗೆ ಭೂಮಿ, ಸುಂಕ, ಎಣ್ಣೆ ಬಿಟ್ಟ ಉಲ್ಲೇಖಗಳು ಹೇರಳವಾಗಿವೆ. ಅಂಗಭೋಗವು ದೇವರ ಪೂಜೆ ಅಲಂಕಾರಗಳಿಗೆ, ರಂಗಭೋಗವು ಗೀತ ವಾದ್ಯ ನೃತ್ಯಗಳಿಗೆ ಸಂಬಂಧಿಸಿದ್ದು. ಅಂಥ ದತ್ತಿಯ ಮೇಲೆ ಬದುಕಿದವರ, ವಿಶೇಷವಾಗಿ ಹೆಣ್ಣುಮಕ್ಕಳ, ಬಂಧನದ ಮುಖವನ್ನು ಮರೆಮಾಚಲಾಗದು. ಆದರೂ ಆರ್ಥಿಕ ತತ್ತ್ವವಾಗಿ ಅದು ಗಮನಾರ್ಹ. ಅಲ್ಲಿ ಕಲೆಗೆ ಹಣ ಬರುವುದು ಕಷ್ಟ ಬಂದಾಗ ಅಲ್ಲ, ವರ್ಷ ವರ್ಷವೂ, ಗೊತ್ತಾದ ಮೂಲದಿಂದ, ಗೊತ್ತಾದ ಕೆಲಸಕ್ಕೆ. ಕಾಲಾಂತರದಲ್ಲಿ ಅಂಗಭೋಗದ ಅಂಶ ಮುಜರಾಯಿ ಇಲಾಖೆಯ ತಸ್ತೀಕಾಗಿ ಉಳಿದುಕೊಂಡಿತು, ರಂಗಭೋಗ ಕಣ್ಮರೆಯಾಯಿತು. ಇದರ ಪರಿಣಾಮವನ್ನು 2021ರ ಜೂನಿನಲ್ಲಿಯೇ ಕಾಣಬಹುದು. 'ಸಿ' ವರ್ಗದ ಮುಜರಾಯಿ ದೇವಾಲಯಗಳ ಅರ್ಚಕರು ಮತ್ತು ಸಿಬ್ಬಂದಿಗೆ, ಮಸೀದಿಗಳ ಪೇಷ್ ಇಮಾಮರು ಮತ್ತು ಮುಅಜ್ಜಿನರಿಗೆ ಅವರ ಸ್ಥಾನದ ಮೇಲೆಯೇ 3,000 ರೂಪಾಯಿ ದೊರೆಯಿತು. ಅದೇ ಗುಡಿಯ ಮುಂದೆ ಕರಡಿ ಬಾರಿಸುವವನು ತಾನು ಕಲಾವಿದನೆಂದು ಬೇರೆ ಇಲಾಖೆಗೆ ಸಾಬೀತು ಮಾಡಬೇಕಾಯಿತು.

ಹೊರದೇಶದ ಒಂದು ನಗರದ ಪ್ರಯೋಗವನ್ನು ಇಲ್ಲಿ ಹೇಳುವುದು ಉಪಯುಕ್ತ. ಬ್ರಿಟನ್ 2020ರ ಜುಲೈನಲ್ಲಿ 157 ಕೋಟಿ ಪೌಂಡುಗಳನ್ನು ಸಂಸ್ಕೃತಿಗೆ ಮೀಸಲಿಟ್ಟದ್ದು ಪ್ರಸಿದ್ಧ. ಆದರೆ ಅದು ಬಹುಮಟ್ಟಿಗೆ ಸಂಸ್ಥೆಗಳಿಗೆ ಹೋದ ಹಣ, ನಮ್ಮ ಸ್ಥಿತಿಗೆ ಹೋಲದು. ನ್ಯೂಯಾರ್ಕ್ ನಗರ ಮಾಡಿದ್ದು ಬೇರೆ. 2021ರಲ್ಲಿ ಆ ನಗರ ಎರಡೂವರೆ ಕೋಟಿ ಡಾಲರುಗಳ ಯೋಜನೆಯೊಂದನ್ನು ರೂಪಿಸಿ, ಮೂರು ಸಾವಿರದಷ್ಟು ಕಲಾವಿದರಿಗೆ ತಲಾ 5,000 ಡಾಲರು ಕೊಟ್ಟಿತು. ಸಾರ್ವಜನಿಕರ ನಡುವೆ ಏನಾದರೊಂದು ಪ್ರದರ್ಶನ ಅಥವಾ ಕೆಲಸ ಮಾಡಬೇಕೆಂಬುದು ಅದರ ಷರತ್ತು. ಮೊತ್ತವನ್ನು ನಮ್ಮ ಪುರಸಭೆಗಳೊಡನೆ ಹೋಲಿಸುವುದು ಹಾಸ್ಯಾಸ್ಪದ. ಹೋಲಿಸಬೇಕಾದುದು ಷರತ್ತನ್ನು. ಕಲಾವಿದನು ಹಿಂದೆ ಎಷ್ಟು ವರ್ಷ ಹಾಡಿದನೆಂಬ ಪ್ರಮಾಣಪತ್ರಕ್ಕಿಂತ ಮುಂದೆ ಹಾಡಲಿರುವುದನ್ನು ಆಧಾರವಾಗಿ ಇಟ್ಟುಕೊಂಡ ಕಾರಣ ಅಲ್ಲಿ ನೆರವು ಕೂಲಿಯಾಯಿತು. ನಮ್ಮ ಪೇಟಿ ಮಾಸ್ತರರಿಗೆ ಸಂಚಕಾರವೆಂಬುದು ಇದೇ.

ಹಾಗಾದರೆ ನಗರಸಭೆಯೋ ಪುರಸಭೆಯೋ ಮಾಡಬಹುದಾದದ್ದು ಏನು? ಲೇಖಕನ ಅಭಿಪ್ರಾಯದಲ್ಲಿ ಮೊದಲ ಕೆಲಸ ಹಣದ್ದಲ್ಲ, ದಾಖಲೆಯದು. ಜಾತ್ರೆಗೆ ಪರವಾನಗಿ, ನೀರು, ಬೆಳಕು, ನೈರ್ಮಲ್ಯ ಒದಗಿಸುವಾಗ ಸ್ಥಳೀಯ ಸಂಸ್ಥೆಯ ಸಿಬ್ಬಂದಿ ಹೇಗೂ ಅಲ್ಲಿರುತ್ತಾರೆ. ಆ ದಿನಗಳಲ್ಲಿ ಯಾರು ಆಡಿದರು, ಯಾರು ಬಾರಿಸಿದರು, ಯಾರು ಪರದೆ ಕಟ್ಟಿದರು, ಯಾರು ಅಂಗಡಿ ಹಾಕಿದರು ಎಂಬುದನ್ನು ಅವರ ಸ್ವಂತ ಊರಿನ ಹೆಸರಿನೊಡನೆ ಬರೆದಿಡುವುದು ಅಸಾಧ್ಯವೇನಲ್ಲ. ಜಾತ್ರೆಯ ಪಟ್ಟಿಯೇ ಸಂಚಾರಿಯ ನಿಜವಾದ ವಿಳಾಸ. ಇದಕ್ಕೆ ಎದುರಾಗಿ ಒಂದು ಆಕ್ಷೇಪವಿದೆ. ಸ್ಥಳೀಯ ಪಟ್ಟಿಗಳಲ್ಲಿ ಸದಸ್ಯರ ಬಳಗ, ಓಣಿಯ ರಾಜಕೀಯ ಸೇರಿಕೊಳ್ಳುತ್ತದೆ ಎಂಬುದು ಅದು. ಈ ಆಕ್ಷೇಪ ನಿಜವಾದುದೇ. ಆದರೆ ಜಾತ್ರೆಯ ಪಟ್ಟಿ ಊರಿನ ಕಣ್ಣೆದುರಿನ ಪಟ್ಟಿ, ಆಡದವನ ಹೆಸರು ಬಂದರೆ ಹೇಳುವವರು ನೂರು ಜನರಿರುತ್ತಾರೆ. ಜಾಲತಾಣದ ಅರ್ಜಿಗೆ ಆ ಸಾಕ್ಷಿಯಿಲ್ಲ.

2023ರ ಫೆಬ್ರುವರಿಯಲ್ಲಿ ಲಕ್ಕುಂಡಿ ಉತ್ಸವ ನಡೆಯಿತು, ಜಾತ್ರೆಗಳು ಅದಕ್ಕೂ ಮೊದಲೇ ಮರಳಿದ್ದವು. ತಾಲೀಮಿನ ಮನೆಗಳಲ್ಲಿ ಮತ್ತೆ ಪೇಟಿಯ ಸ್ವರ ಕೇಳಿಸುತ್ತದೆ. ಆದರೆ ಎರಡು ವರ್ಷಗಳಲ್ಲಿ ಹೊಲಿಗೆಗೆ, ಹಪ್ಪಳದ ಕೆಲಸಕ್ಕೆ, ಕಟ್ಟಡದ ಕೆಲಸಕ್ಕೆ ಹೋದ ಕಲಾವಿದೆಯರಲ್ಲಿ ಎಷ್ಟು ಮಂದಿ ರಂಗಕ್ಕೆ ಹಿಂತಿರುಗಿದರು ಎಂದು ಕೇಳಿದರೆ ಉತ್ತರಿಸಬಲ್ಲ ಕಡತ ನಾಲ್ಕು ಊರುಗಳ ಯಾವ ಕಚೇರಿಯ ಕಪಾಟಿನಲ್ಲಿಯೂ ಇರಲಾರದು. ಅವರು ಹೋದದ್ದನ್ನು ಬರೆಯಲು ಮೊದಲು ಅವರು ಇದ್ದದ್ದು ಬರೆಯಲ್ಪಟ್ಟಿರಬೇಕಿತ್ತು.